ಹನ್ನೆರಡು ಜನರ ಒಂದೇ ಕೆಮ್ಮು

"ಕೂತ್ಕೊಳ್ಳಿ ಅಂತ ನಾನು ಹೇಳಲಿಲ್ಲವಲ್ಲ," ಎಂದರು ಪ್ರೊಫೆಸರ್.

ಎಣಿಕೆಯಮ್ಮ ಅಷ್ಟರಲ್ಲಾಗಲೇ ಕೂತಾಗಿತ್ತು. ಈಗ ಎದ್ದರೆ ಸೋತ ಹಾಗೆ, ಕೂತೇ ಇದ್ದರೆ ಮೊಂಡಿ ಅನ್ನಿಸಿಕೊಳ್ಳಬೇಕು. ಮೊಂಡಿಯೇ ವಾಸಿ ಎಂದುಕೊಂಡು ಕೈಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡಳು.

ಗೋಡೆ ಗಡಿಯಾರದಲ್ಲಿ ಮೂರೂವರೆ. ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಇದೇ ಕೋಣೆಗೆ ಬರುವವರಿದ್ದರು, ಪ್ರೊಫೆಸರರ ಹೇಳಿಕೆಯನ್ನು ಎರಡನೇ ಸಲ ಬರೆದುಕೊಳ್ಳಲು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಕೋರ್ಟು. ಅಲ್ಲಿಂದ ಅವಳ ತಮ್ಮ ಒಂದೋ ಜಾಮೀನಿನ ಮೇಲೆ ಮನೆಗೆ ಬರುತ್ತಾನೆ, ಇಲ್ಲವೋ ಕೊಲೆಗಾರ ಅನ್ನಿಸಿಕೊಂಡು ಜೈಲಿಗೆ ಹೋಗುತ್ತಾನೆ. ನಡುವೆ ಅವಳ ಕೈಗೆ ಉಳಿದಿದ್ದು ಈ ಅರ್ಧ ಗಂಟೆ.

ಹತ್ತು ದಿನದ ಹಿಂದೆ, ಶನಿವಾರ, ಪ್ರೊಫೆಸರರ ಪ್ರಯೋಗಾಲಯದ ಹಳೇ ಟೆಕ್ನೀಷಿಯನ್ನನ್ನು ಯಾರೋ ಕೋಲ್ಡ್ ರೂಮಿನೊಳಗೆ ಬಿಟ್ಟು ಬಾಗಿಲು ಹಾಕಿದ್ದರು. ಒಳಗಿನ ಹಿಡಿಯನ್ನು ಮೊದಲೇ ಬಿಚ್ಚಿಟ್ಟಿದ್ದರು. ತಾಪಮಾನ ದಾಖಲಿಸುವ ಯಂತ್ರದ ಪ್ರಕಾರ ಬಾಗಿಲು ಕೊನೆಯ ಸಲ ತೆರೆದದ್ದು ಮಧ್ಯಾಹ್ನ ಮೂರು ಇಪ್ಪತ್ತಕ್ಕೆ. ಸೋಮವಾರ ತೆರೆದಾಗ ಮುದುಕ ಬಾಗಿಲಿಗೆ ಒರಗಿ ಸೆಟೆದು ಕೂತಿದ್ದ, ಹತ್ತು ಬೆರಳಿನ ಉಗುರೂ ಕಿತ್ತುಹೋಗಿತ್ತು. ಬಿಚ್ಚಿದ ಹಿಡಿ ಸಿಕ್ಕಿದ್ದು ಅಲ್ಲೇ ಪ್ರೊಫೆಸರರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಅವಳ ತಮ್ಮನ ಮೇಜಿನ ಡ್ರಾಯರಿನಲ್ಲಿ.

"ಹಿಡಿಯನ್ನ ಯಾರು ಬೇಕಾದ್ರೂ ತಂದು ಹಾಕಬಹುದು," ಎಂದಿದ್ದರು ವಕೀಲರು. "ಆ ಮುದುಕನ್ನ ಕೊಲ್ಲೋಕೆ ನಿಮ್ಮ ತಮ್ಮನಿಗೆ ಕಾರಣ ಏನಿದೆ? ಪೊಲೀಸರಿಗೂ ಸಿಕ್ಕಿಲ್ಲ. ಕಾರಣ ಇಲ್ಲ ಅಂದ್ರೆ ಜಾಮೀನು ಸಿಗುತ್ತೆ, ನೀವು ಸುಮ್ಮನಿರಿ."

ಸುಮ್ಮನಿರುವ ಜಾಯಮಾನ ಅವಳದಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವಳು ಚೀಲದಿಂದ ಹಾಳೆಗಳನ್ನು ತೆಗೆದು, ಪ್ರೊಫೆಸರರ ದೊಡ್ಡ ಮೇಜಿನ ಮೇಲೆ ಒಂದೊಂದಾಗಿ ಹರಡತೊಡಗಿದಳು. ಸಾಲಿಗೆ ನಾಲ್ಕರಂತೆ ಮೂರು ಸಾಲು.

"ಏನಿದು, ಬಟ್ಟೆ ಒಣಗಿಸ್ತಿದ್ದೀರಾ?"

"ನಿಮ್ಮ ಅಲೆ ಸರ್. ಇಪ್ಪತ್ತೆರಡು ವರ್ಷದ ಹಿಂದಿನದು."

"ಓ." ಪ್ರೊಫೆಸರರ ಮುಖ ಅರಳಿತು. "ಎಷ್ಟಾಯ್ತು ಈಗ?"

"ಶುಕ್ರವಾರ ನಾಲ್ಕು ಸಾವಿರದ ನೂರಾ ಹನ್ನೆರಡು. ಇವತ್ತು ಬೆಳಿಗ್ಗೆ ಹದಿನಾಲ್ಕು."

ಹೇಳಿ ಮುಗಿಸಿದ ಮೇಲೆ ಅವಳಿಗೇ ನಾಚಿಕೆಯಾಯಿತು. ತಮ್ಮ ಲಾಕಪ್ಪಿನಲ್ಲಿ ಬಿದ್ದಿದ್ದಾನೆ, ತಾನು ಇಲ್ಲಿ ಕೇಳಿದ ಕೂಡಲೇ ಲೆಕ್ಕ ಒಪ್ಪಿಸುತ್ತಿದ್ದೇನೆ. ಏನು ಮಾಡುವುದು, ಹತ್ತೊಂಬತ್ತು ವರ್ಷದ ಚಾಳಿ. ಸಂಸ್ಥೆಯ ಲೈಬ್ರರಿಯಲ್ಲಿ ಅವಳ ಕೆಲಸ ಅದೊಂದೇ: ಯಾವ ವಿಜ್ಞಾನಿ ಎಷ್ಟು ಪ್ರಬಂಧ ಬರೆದ, ಅದನ್ನು ಲೋಕದಲ್ಲಿ ಎಷ್ಟು ಜನ ಉಲ್ಲೇಖಿಸಿದರು ಎಂದು ಎಣಿಸಿ ತಿಂಗಳಿಗೊಮ್ಮೆ ಪಟ್ಟಿ ಕೊಡುವುದು. ಬಡ್ತಿಗೂ ಪ್ರಶಸ್ತಿಗೂ ಆ ಪಟ್ಟಿಯೇ ಆಧಾರ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಪಟ್ಟಿಯ ತಲೆಯ ಮೇಲೆ ಪ್ರತಿ ತಿಂಗಳೂ ಇದೇ ಪ್ರೊಫೆಸರ್. ನಲವತ್ತು ವರ್ಷ ಮನುಷ್ಯರ ಕರುಳಿನ ಚಲನೆಯನ್ನೇ ಓದಿದವರು. ಇನ್ನೂರ ಎಂಬತ್ತಾರು ಪ್ರಬಂಧ. ಅವುಗಳಲ್ಲಿ ಎಪ್ಪತ್ತೊಂದಕ್ಕೆ ತಲಾ ಎಪ್ಪತ್ತೊಂದಕ್ಕೂ ಹೆಚ್ಚು ಉಲ್ಲೇಖ. ಹಿಂದಿನಿಂದ ಎಲ್ಲರೂ ಅವರನ್ನು ಕರುಳಪ್ಪ ಅನ್ನುತ್ತಿದ್ದರು, ಎದುರಿಗೆ ಮಾತ್ರ ಬೆನ್ನು ಬಗ್ಗಿಸಿ ಸರ್ ಅನ್ನುತ್ತಿದ್ದರು.

ಹಸಿದ ಕರುಳು ಸುಮ್ಮನೆ ಕೂರುವುದಿಲ್ಲ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಮೇಲಿನಿಂದ ಕೆಳಕ್ಕೆ ಒಂದು ಅಲೆ ಎದ್ದು ಅಳಿದುಳಿದಿದ್ದನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ಇದು ಮುಂಚೆಯೇ ಎಲ್ಲರಿಗೂ ತಿಳಿದಿತ್ತು. ಗುಡಿಸಿದ ಮೇಲೆ ಒಂದು ಸಣ್ಣ ಅಲೆ ಹಿಂದಕ್ಕೂ ಬರುತ್ತದೆ ಎಂದು ಬರೆದವರು ಈ ಪ್ರೊಫೆಸರ್. ಹನ್ನೆರಡು ಜನರ ಮೂಗಿನಿಂದ ಸಣ್ಣ ಕೊಳವೆ ಇಳಿಸಿ, ಒಳಗಿನ ಒತ್ತಡ ಅಳೆದು, ಹನ್ನೆರಡು ಗ್ರಾಫು ಅಚ್ಚು ಹಾಕಿಸಿದ್ದರು. ಅವರ ಹೆಸರು ನಿಂತಿದ್ದೇ ಆ ಹನ್ನೆರಡರ ಮೇಲೆ.

"ಕೊಳವೆ ಒಳಗಿರುವಾಗ ಕೆಮ್ಮಿದ್ರೆ ಎಲ್ಲ ಗೆರೆಗಳೂ ಒಂದೇ ಸಲ ಮೇಲಕ್ಕೆ ಜಿಗೀತವೆ. ಅಲ್ವಾ ಸರ್?"

"ಜಿಗೀತವೆ. ಯಾರು ಹೇಳಿಕೊಟ್ರು?"

"ಇಲ್ಲಿ ನೋಡಿ. ಮೊದಲನೆಯವನು ಕೆಮ್ಮಿದಾನೆ. ಜೊತೆಜೊತೆಗೆ ಎರಡು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಎರಡನೆಯವನೂ ಹಾಗೇ. ಮೂರನೆಯವಳು ಹೆಂಗಸು ಅಂತ ಬರೆದಿದ್ದೀರ, ಅವಳೂ ಹಾಗೇ. ನಾಲ್ಕನೆಯವನಿಗೆ ಅರವತ್ತೊಂದು ವರ್ಷ..."

"ಅವನೂ ಹಾಗೇ. ನೆಗಡಿ ಕಾಲ ಇರಬೇಕು."

ಅವಳು ಚೀಲದಿಂದ ಸ್ಕೇಲು ತೆಗೆದಳು. "ಕೆಲವು ಗ್ರಾಫು ಎಳೆದು ಉದ್ದ ಮಾಡಿದ್ದೀರ, ಕೆಲವು ಅದುಮಿ ಗಿಡ್ಡ ಮಾಡಿದ್ದೀರ. ಆದ್ರೆ ಎರಡನೇ ಕೆಮ್ಮಿಂದ ಮೂರನೇದಕ್ಕೆ ಇರೋ ದೂರ, ಮೊದಲ ಎರಡರ ನಡುವಿನ ದೂರಕ್ಕೆ ಸರಿಯಾಗಿ ಐದು ಪಟ್ಟು. ಹನ್ನೆರಡರಲ್ಲೂ ಐದೇ. ನಾಲ್ಕೂವರೆ ಇಲ್ಲ, ಐದೂವರೆ ಇಲ್ಲ. ಇವರು ಹನ್ನೆರಡು ಜನ ಅಲ್ಲ ಸರ್. ಒಬ್ಬನೇ."

ಪ್ರೊಫೆಸರ್ ಬೆಚ್ಚಿಬೀಳುತ್ತಾರೆ, ಬೆವರುತ್ತಾರೆ, ಕೈ ಮುಗಿಯುತ್ತಾರೆ ಎಂದೆಲ್ಲ ಅವಳು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಅವರು ಮೇಜಿನಿಂದ ಒಂದು ಹಾಳೆ ಎತ್ತಿ, ಕನ್ನಡಕ ಹಣೆಗೇರಿಸಿ, ಹಳೇ ಫೋಟೋ ನೋಡುವವರ ಹಾಗೆ ಪ್ರೀತಿಯಿಂದ ನೋಡಿದರು.

"ಇಪ್ಪತ್ತೆರಡು ವರ್ಷ," ಎಂದರು. "ಮೊದಲು ಹಿಡಿದಿದ್ದು ನೀವು. ಅದೂ ವಿಜ್ಞಾನಿಯಲ್ಲ, ಗುಮಾಸ್ತೆ."

"ನಾನು ಹಿಡಿದಿದ್ದಲ್ಲ. ಟ್ಯೂಬಣ್ಣ."

ಸತ್ತ ಟೆಕ್ನೀಷಿಯನ್ನನ್ನು ಸಂಸ್ಥೆಯಲ್ಲಿ ಕರೆಯುತ್ತಿದ್ದಿದ್ದೇ ಹಾಗೆ. ಮೂವತ್ತು ವರ್ಷ ಜನರ ಮೂಗಿಗೆ ಕೊಳವೆ ಇಳಿಸುವುದೇ ಅವನ ಕೆಲಸವಾಗಿತ್ತು. ಸಾಯುವ ಹಿಂದಿನ ದಿನ, ಶುಕ್ರವಾರ, ಅವನು ಲೈಬ್ರರಿಗೆ ಬಂದು ಅವಳ ಮೇಜಿಗೆ ಒರಗಿ ನಿಂತಿದ್ದ. ಸಾಹೇಬರ ಅಲೆಯನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದು ಕೇಳಿದ್ದ. ಅವಳು ಸಂಖ್ಯೆ ಹೇಳಿದಾಗ ಒಂದು ಥರಾ ನಕ್ಕಿದ್ದ.

"ನಾಲ್ಕು ಸಾವಿರ ಜನ ನೋಡಿದಾರೆ, ಒಬ್ಬರಿಗೂ ಕೆಮ್ಮು ಕೇಳಿಸಲಿಲ್ಲ ನೋಡಮ್ಮ," ಎಂದಿದ್ದ. ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದ. ಅವಳಿಗೆ ತಿಂಗಳ ಪಟ್ಟಿಯ ಅವಸರ. ನಾಳೆ ಬನ್ನಿ ಅಂದುಬಿಟ್ಟಿದ್ದಳು.

"ಅವನಿಗೆ ಕೇಳಿಸದೆ ಇನ್ಯಾರಿಗೆ ಕೇಳಿಸುತ್ತೆ?" ಎಂದರು ಪ್ರೊಫೆಸರ್. "ಅವನದೇ ಕೆಮ್ಮು ಅದು."

ಎಣಿಕೆಯಮ್ಮನಿಗೆ ಶುಕ್ರವಾರದ ಟ್ಯೂಬಣ್ಣ ಕಣ್ಣ ಮುಂದೆ ಬಂದ. ಮೇಜಿಗೆ ಒರಗಿ, ಅಂಗೈ ಬಾಯಿಗೆ ಒತ್ತಿ, ಎರಡು ಸಲ ಕೆಮ್ಮಿ, ದಮ್ಮು ಎಳೆದುಕೊಂಡು, ಮತ್ತೆ ಒಂದು ಸಲ. ಬೀಡಿ ಸೇದುವವರ ಕೆಮ್ಮು. ಅವಳು ಲೆಕ್ಕ ತಪ್ಪುತ್ತದೆ ಎಂದು ಮುಖ ಸಿಂಡರಿಸಿದ್ದಳು.

"ಬರ್ತೀವಿ ಅಂದಿದ್ದ ಹನ್ನೆರಡು ಜನರಲ್ಲಿ ಒಬ್ಬನೂ ಬರಲಿಲ್ಲ. ಮೂಗಿಗೆ ಕೊಳವೆ ಹಾಕ್ತಾರೆ ಅಂದ್ರೆ ಯಾರು ಬರ್ತಾರೆ? ನಾನು ಕೂಗಾಡಿದೆ. ಇವನು ಪಾಪ, ತನ್ನ ಮೂಗಿಗೆ ತಾನೇ ಹಾಕ್ಕೊಂಡು ಆರು ಗಂಟೆ ಮಲಗಿದ. ಒಂದು ಗ್ರಾಫು ಬಂತು. ಉಳಿದ ಹನ್ನೊಂದಕ್ಕೆ ನಾನು ಜನ ಎಲ್ಲಿಂದ ತರಲಿ?" ಪ್ರೊಫೆಸರ್ ಹಾಳೆಯನ್ನು ಮೇಜಿಗೆ ಎಸೆದರು. "ಲೋಕದಲ್ಲಿ ಅತಿ ಹೆಚ್ಚು ಉಲ್ಲೇಖ ಆಗಿರೋ ಕರುಳು ಅವನದು. ಅವನಿಗೆ ಹೇಳಿದ್ದೆ ಕೂಡ. ಖುಷಿಪಟ್ಟಿದ್ದ, ಮುಟ್ಠಾಳ."

"ಅದಕ್ಕೇ ಕೊಂದ್ರಾ?"

ಕೇಳಬೇಕೆಂದು ಬಂದ ಮಾತು ಬಾಯಿಂದ ಇಷ್ಟು ಸಣ್ಣದಾಗಿ ಹೊರಬಿತ್ತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

"ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದವನನ್ನ ಈಗ ಯಾಕೆ ಕೊಲ್ಲಲಿ? ಬಾಯಿ ಬಿಟ್ರೆ ಅವನೂ ನನ್ನ ಜೊತೆಗೇ ಮುಳುಗ್ತಿದ್ದ."

"ಶುಕ್ರವಾರ ಬಾಯಿ ಬಿಡೋಕೇ ಬಂದಿದ್ರು."

"ಬಂದಿದ್ದ. ನಿಮ್ಮ ಹತ್ರ ಯಾಕೆ ಬಂದ ಅಂತ ಯೋಚಿಸಿದ್ರಾ? ನಿರ್ದೇಶಕರಿದ್ದಾರೆ, ಪತ್ರಿಕೆಯವರಿದ್ದಾರೆ. ಅವರನ್ನೆಲ್ಲ ಬಿಟ್ಟು ನಿಮ್ಮ ಹತ್ರ?"

"ನಾನು ಎಣಿಸೋಳು ಅಂತ."

"ಅಲ್ಲಮ್ಮ." ಪ್ರೊಫೆಸರ್ ಕುರ್ಚಿಯಿಂದ ಎದ್ದರು. "ನೀವು ಅಕ್ಕ ಅಂತ."

ಅವರು ಕಪಾಟಿನಿಂದ ಒಂದು ವಿಜ್ಞಾನ ಪತ್ರಿಕೆ ತೆಗೆದುಕೊಂಡು ಬಂದು ಅವಳ ಮುಂದೆ ಬಿಚ್ಚಿಟ್ಟರು. ಮೇಲೆ ಅವಳ ತಮ್ಮನ ಹೆಸರು. ಹೋದ ವರ್ಷದ ಪ್ರಬಂಧ. ಪ್ರೊಫೆಸರರ ಹಿಮ್ಮುಖ ಅಲೆಯನ್ನು ತಾನೂ ಕಂಡೆ ಎಂದು ಬರೆದಿದ್ದ, ಅದರಿಂದಲೇ ಅವನಿಗೆ ಡಾಕ್ಟರೇಟು ಬಂದಿತ್ತು.

ಅದಕ್ಕೆ ನಲವತ್ತೊಂದು ಉಲ್ಲೇಖ. ಬೇರೆಯವರದನ್ನು ತಿಂಗಳಿಗೊಮ್ಮೆ ನೋಡುತ್ತಿದ್ದವಳು ಇದನ್ನು ದಿನಕ್ಕೊಮ್ಮೆ ನೋಡುತ್ತಿದ್ದಳು. ಇಪ್ಪತ್ತು ದಾಟಿದ ದಿನ ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಉಲ್ಲೇಖ ಅಂದರೆ ಏನೆಂದು ಅವರಿಗೆ ಅರ್ಥವಾಗದಿದ್ದರೂ ಬಿಟ್ಟಿರಲಿಲ್ಲ. ಅವನಿಗೆ ಏಳು, ಅವಳಿಗೆ ಹದಿನೆಂಟು ಇದ್ದಾಗ ಅಮ್ಮ ಹೋಗಿದ್ದು. ಅವನಿಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು ಅವಳೇ.

"ಮೂರನೇ ಚಿತ್ರ ನೋಡಿ," ಎಂದರು ಪ್ರೊಫೆಸರ್.

ನೋಡಿದಳು. ನಲವತ್ತೊಂದು ಜನರನ್ನು ಎಣಿಸಿದ್ದ ಅವಳು ಆ ಚಿತ್ರವನ್ನು ನೋಡಿದ್ದು ಅದೇ ಮೊದಲು.

ಒಂದು, ಎರಡು. ಸ್ವಲ್ಪ ಬಿಟ್ಟು ಮೂರು.

"ಅಳೀರಿ. ಸ್ಕೇಲು ತಂದಿದ್ದೀರಲ್ಲ."

"ಬೇಡ ಸರ್."

"ಅಳೀರಿ ಅಂದೆ."

ಅಳೆದಳು. ಮೊದಲ ಎರಡರ ನಡುವೆ ಮೂರು ಮಿಲಿಮೀಟರ್. ಆಮೇಲಿನದು ಹದಿನೈದು.

"ಎಷ್ಟು ಪಟ್ಟು?"

ಅವಳು ಸ್ಕೇಲನ್ನು ಚೀಲಕ್ಕೆ ಹಾಕಿದಳು.

"ಎರಡು ವರ್ಷ ಹುಡುಕಿದ ಪಾಪ, ಹಗಲೂ ಇರುಳೂ. ಇಲ್ಲದ ಅಲೆ ಎಲ್ಲಿಂದ ಸಿಗುತ್ತೆ? ನನಗೆ ಸಿಕ್ಕಿದ್ದು ತನಗೆ ಯಾಕೆ ಸಿಗಲ್ಲ, ತಾನು ದಡ್ಡ ಅಂತ ಇದೇ ಕುರ್ಚೀಲಿ ಕೂತು ಅತ್ತಿದ್ದಾನೆ. ಹುಡುಕು ಅಂದೆ. ಕೊನೆಗೆ ನನ್ನ ಹಳೇ ಕಡತದಿಂದ ಎತ್ತಿಕೊಂಡ. ನಾನು ನೋಡಿದ ತಕ್ಷಣ ಗುರುತಿಸಿದೆ."

"ಗುರುತಿಸಿ ಸುಮ್ಮನಿದ್ರಾ?"

"ಅವನ ಪ್ರಬಂಧದಿಂದ ನನ್ನದಕ್ಕೂ ಒಂದು ಉಲ್ಲೇಖ ಬಂತಲ್ಲ," ಎಂದರು ಪ್ರೊಫೆಸರ್, ಎಳ್ಳಷ್ಟೂ ನಗದೆ.

ಕಿಟಕಿಯಾಚೆ ಯಾರೋ ಸೈಕಲ್ ನಿಲ್ಲಿಸಿ ಬೀಗ ಹಾಕಿದರು. ಕಾರಿಡಾರಿನಲ್ಲಿ ನೆಲ ಒರೆಸುವವರ ಬಕೆಟ್ಟಿನ ಸದ್ದು. ಎಣಿಕೆಯಮ್ಮನಿಗೆ ತಮ್ಮನ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ. ಇದೇ ಕುರ್ಚಿಯಲ್ಲಿ ಕೂತು ಅತ್ತನಂತೆ, ಮನೆಗೆ ಬಂದು ಒಂದು ಮಾತೂ ಹೇಳಲಿಲ್ಲವಲ್ಲ ಎಂದು ಸಂಕಟವಾಯಿತು.

"ಟ್ಯೂಬಣ್ಣ ಹೋದ ತಿಂಗಳು ಆ ಚಿತ್ರ ನೋಡಿದ," ಎಂದರು ಪ್ರೊಫೆಸರ್. "ನನ್ನ ಸುಳ್ಳನ್ನ ಅವನು ಇಪ್ಪತ್ತೆರಡು ವರ್ಷ ಹೊಟ್ಟೆಗೆ ಹಾಕ್ಕೊಂಡ. ನಿಮ್ಮ ತಮ್ಮಂದು ಯಾಕೋ ಅವನಿಗೆ ಜೀರ್ಣ ಆಗಲಿಲ್ಲ. ಚಿಕ್ಕವನು, ಹಾಳಾಗ್ತಾನೆ ಅಂತ ಕನಿಕರ. ನೀನಾಗೇ ಒಪ್ಕೋ, ಇಲ್ಲದಿದ್ರೆ ನಿಮ್ಮಕ್ಕನಿಗೆ ಹೇಳ್ತೀನಿ ಅಂದ. ಪಕ್ಕದ ಕೋಣೇಲಿ ನಿಂತು ನಾನೇ ಕೇಳಿಸಿಕೊಂಡೆ. ಶುಕ್ರವಾರ ನಿಮ್ಮ ಹತ್ರ ಬಂದ. ಶನಿವಾರ ಸತ್ತ."

ಅವರು ಬಾಗಿ ಹನ್ನೆರಡು ಹಾಳೆಗಳನ್ನೂ ಒಟ್ಟುಮಾಡಿ, ಅಂಚು ಸರಿಯಾಗಿ ಕೂಡಿಸಿ, ತಮ್ಮನ ಪ್ರಬಂಧವನ್ನು ಅದರ ಮೇಲಿಟ್ಟು, ಎಲ್ಲವನ್ನೂ ಅವಳ ಕೈಗೇ ಕೊಟ್ಟರು.

"ಪೊಲೀಸರ ಹತ್ರ ಬಾಗಿಲ ಹಿಡಿ ಇದೆ, ಕಾರಣ ಇಲ್ಲ. ಎಂಟು ದಿನದಿಂದ ಅವರು ಹುಡುಕ್ತಿರೋ ಕಾರಣ ಇದು. ಅಕ್ಕನೇ ಹುಡುಕಿ, ಅಳೆದು, ಲೆಕ್ಕ ಮಾಡಿ ತಂದಿದ್ದೀರ. ಇನ್ಸ್‌ಪೆಕ್ಟರ್ ಬಂದ ಕೂಡಲೇ ಕೊಡಿ. ನನ್ನ ಮಾನ ಹೋಗುತ್ತೆ, ಹೋಗಲಿ, ನನಗೆ ಅರವತ್ತೆಂಟು. ನಿಮ್ಮ ತಮ್ಮನಿಗೆ ಮೂವತ್ತೊಂದು ಅಲ್ವಾ?"

ಗಡಿಯಾರ ನಾಲ್ಕಕ್ಕೆ ಹನ್ನೆರಡು ನಿಮಿಷ ಬಾಕಿ ತೋರಿಸುತ್ತಿತ್ತು.

"ಇಲ್ಲದಿದ್ರೆ?" ಎಂದಳು.

"ಇಲ್ಲದಿದ್ರೆ ನಾನೊಂದು ಮಾತು ನೆನಪು ಮಾಡ್ಕೋತೀನಿ. ಶನಿವಾರ ಮೂರರಿಂದ ನಾಲ್ಕರವರೆಗೆ ನಿಮ್ಮ ತಮ್ಮ ಇದೇ ಕೋಣೇಲಿದ್ದ. ಇಬ್ಬರೂ ಒಂದು ಪ್ರಬಂಧ ತಿದ್ದುತ್ತಿದ್ವಿ. ವಯಸ್ಸಾಯ್ತು ನೋಡಿ, ಮೊದಲನೇ ಹೇಳಿಕೆಯಲ್ಲಿ ಮರೆತುಬಿಟ್ಟಿದ್ದೆ."

"ಈ ಹಾಳೆಗಳು?"

"ಜಗತ್ತಿನ ಎಲ್ಲ ಲೈಬ್ರರಿಯಲ್ಲೂ ಬಿದ್ದಿವೆ. ಯಾರೂ ನೋಡಲ್ಲ. ನೀವೂ ನೋಡಬೇಡಿ, ಅಷ್ಟೆ."

ಹತ್ತೊಂಬತ್ತು ವರ್ಷ ಅಂಕಿಗಳ ಜೊತೆ ಬಾಳಿದ ತಲೆ ಅದು. ಎದೆ ಒಡೆದು ಹೋಗುತ್ತಿದ್ದರೂ ಲೆಕ್ಕ ಹಾಕುವುದನ್ನು ನಿಲ್ಲಿಸಲಿಲ್ಲ. ಮೊದಲನೇ ಹೇಳಿಕೆಯಲ್ಲಿ ಇವರು ಕೋಣೆಯಲ್ಲಿ ಒಬ್ಬನೇ ಇದ್ದೆ ಎಂದಿದ್ದರೆಂದು ವಕೀಲರು ಹೇಳಿದ್ದರು. ಒಬ್ಬನೇ ಇದ್ದೆ ಅನ್ನುವುದಕ್ಕೆ ಸಾಕ್ಷಿಯಿಲ್ಲ. ಈಗ ಇವರು ತಮ್ಮನಿಗೆ ಸಾಕ್ಷಿಯಾದರೆ, ತಮ್ಮನೂ ಇವರಿಗೆ ಸಾಕ್ಷಿಯಾಗುತ್ತಾನೆ.

"ನಿಮಗೂ ಆ ಗಂಟೆಗೆ ಒಬ್ಬ ಮನುಷ್ಯ ಬೇಕಾಗಿದ್ದಾನೆ," ಎಂದಳು ನಿಧಾನವಾಗಿ. "ಅದಕ್ಕೇ ಈ ಉಪಕಾರ."

ಪ್ರೊಫೆಸರ್ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. "ನಿಮ್ಮನ್ನ ಲೈಬ್ರರೀಲಿ ಇಟ್ಟು ಹಾಳು ಮಾಡಿದ್ದೀವಿ," ಎಂದರು. "ಕೊಂದವನು ಸಿಗಬೇಕಾ, ತಮ್ಮ ಮನೆಗೆ ಬರಬೇಕಾ? ಒಂದು ಹೇಳಿ. ಎರಡೂ ಕೇಳಬೇಡಿ."

ಅವಳಿಗೆ ಕಿತ್ತುಹೋದ ಹತ್ತು ಉಗುರು ನೆನಪಾಯಿತು. ನಾಳೆ ಬನ್ನಿ ಎಂದು ಕಳಿಸಿದ್ದು ನೆನಪಾಯಿತು. ಏಳು ವರ್ಷದ ಹುಡುಗ ಹದಿಮೂರರ ಮಗ್ಗಿಯಲ್ಲಿ ತಡವರಿಸಿ ಅವಳ ಮುಖ ನೋಡುತ್ತಿದ್ದುದು ಇವೆರಡರ ಮೇಲೂ ಬಂದು ಕೂತಿತು. ಅವಳು ಹಾಳೆಗಳನ್ನು ಮಡಚಿ ಚೀಲಕ್ಕೆ ತುರುಕಿದಳು. ತಾನು ಇಷ್ಟು ಹೇಸಿಗೆಯ ಹೆಂಗಸು ಎಂದು ಅವಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

"ತಮ್ಮ," ಎಂದಳು.

ಇನ್ಸ್‌ಪೆಕ್ಟರ್ ನಾಲ್ಕಕ್ಕೆ ಸರಿಯಾಗಿ ಬಂದರು. ತೆಳ್ಳನೆಯ ಮನುಷ್ಯ, ಜೇಬಿನಲ್ಲಿ ಮೂರು ಪೆನ್ನು. ಅವಳನ್ನು ಅಲ್ಲಿ ನೋಡಿ ಆಶ್ಚರ್ಯಪಡಲಿಲ್ಲ, ಕುರ್ಚಿ ಎಳೆದು ಕೂತು ಬರೆಯತೊಡಗಿದರು. ಪ್ರೊಫೆಸರ್ ಚೆನ್ನಾಗಿ ಮಾತಾಡಿದರು. ಯಾವ ಪ್ರಬಂಧ, ಎಷ್ಟನೇ ಪುಟ, ಯಾವ ಪದಕ್ಕೆ ಗುರುಶಿಷ್ಯರ ನಡುವೆ ವಾದವಾಯಿತು ಎಂಬುದನ್ನೂ ಬಿಡಲಿಲ್ಲ.

"ಮೂರು ಇಪ್ಪತ್ತಕ್ಕೆ?"

"ಇಲ್ಲೇ, ಈ ಮೇಡಂ ಕೂತಿರೋ ಕುರ್ಚೀಲಿ."

ಇನ್ಸ್‌ಪೆಕ್ಟರ್ ತಲೆಯೆತ್ತಿದರು. "ನಿಮಗೆ ಇದು ಗೊತ್ತಿತ್ತಾ ಮೇಡಂ?"

"ಗೊತ್ತಿತ್ತು," ಎಂದಳು ಎಣಿಕೆಯಮ್ಮ. "ಶನಿವಾರ ಸಂಜೆ ಮನೆಗೆ ಬಂದು ಅವನೇ ಹೇಳಿದ್ದ. ಸರ್ ಕೋಣೇಲಿದ್ದೆ ಅಂತ."

"ಒಳ್ಳೇದಾಯ್ತು. ಬರೆದು ಸಹಿ ಮಾಡಿ."

ಅವಳು ಬರೆದಳು, ಸಹಿ ಮಾಡಿದಳು. ಪ್ರೊಫೆಸರ್ ಅವರದಕ್ಕೆ ಸಹಿ ಮಾಡಿದರು. ಇನ್ಸ್‌ಪೆಕ್ಟರ್ ಎರಡನ್ನೂ ಓದಿ, ಶಾಯಿ ಒಣಗಿದೆಯೇ ಎಂದು ಬೆರಳಿಂದ ಮುಟ್ಟಿ ನೋಡಿ, ಕಡತಕ್ಕೆ ಸೇರಿಸಿದರು. ಆಮೇಲೆ ಅದೇ ಕಡತದಿಂದ ಇನ್ನೊಂದು ಕಾಗದ ತೆಗೆದರು.

"ಇದು ಇವತ್ತು ಮಧ್ಯಾಹ್ನ ನಿಮ್ಮ ತಮ್ಮ ಬರೆದುಕೊಟ್ಟಿದ್ದು. ಎಂಟು ದಿನ ಬಾಯಿ ಬಿಟ್ಟಿರಲಿಲ್ಲ, ಇವತ್ತು ತಾನಾಗೇ ಕಾಗದ ಕೇಳಿದ. ಓದ್ತೀನಿ ಕೇಳಿ. ಶನಿವಾರ ಮಧ್ಯಾಹ್ನ ಎರಡೂವರೆಯಿಂದ ಐದರವರೆಗೆ ನಾನು ಮನೆಯಲ್ಲಿದ್ದೆ. ಅಕ್ಕ ಜೊತೆಗಿದ್ದಳು. ಬೇಕಾದರೆ ಅವಳನ್ನು ಕೇಳಿ, ನನ್ನ ಅಕ್ಕ ಸುಳ್ಳು ಹೇಳುವವಳಲ್ಲ."

ಓದಿ ಮುಗಿಸಿ ಅವರು ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟರು.

"ಮನೇಲಿ ಇದ್ದೆ ಅಂತ ಈಗ ಹೇಳೋಕೆ ಹೋಗಬೇಡಿ ಮೇಡಂ. ಆವತ್ತು ಎರಡರಿಂದ ಆರರವರೆಗೆ ಲೈಬ್ರರಿಯ ಹಾಜರಿ ಪುಸ್ತಕದಲ್ಲಿ ನಿಮ್ಮ ಸಹಿ ಇದೆ, ನಿಮ್ಮನ್ನ ನೋಡಿದವರು ನಾಲ್ಕು ಜನ ಇದ್ದಾರೆ." ಇನ್ಸ್‌ಪೆಕ್ಟರರ ದನಿಯಲ್ಲಿ ಗದರಿಕೆಯೇನೂ ಇರಲಿಲ್ಲ. "ಅವನು ಹೇಳಿದ್ದೂ ಸುಳ್ಳು. ನೀವಿಬ್ಬರು ಈಗ ಸಹಿ ಹಾಕಿದ್ದೂ ಸುಳ್ಳು. ಇಷ್ಟು ಜನ ಸೇರಿ ಒಬ್ಬನನ್ನ ಮುಚ್ಚಿಡ್ತಿದ್ದೀರ. ಮೂರು ಇಪ್ಪತ್ತಕ್ಕೆ ನಿಮ್ಮ ತಮ್ಮ ನಿಜವಾಗಿ ಎಲ್ಲಿದ್ದ?"

ಎಂಟು ದಿನದಲ್ಲಿ ಅವಳು ತಮ್ಮನನ್ನು ಆರು ಸಲ ಲಾಕಪ್ಪಿನಲ್ಲಿ ನೋಡಿ ಬಂದಿದ್ದಳು. ಊಟ ಮಾಡಿದೆಯಾ ಅಂದಿದ್ದಳು, ನಿದ್ದೆ ಬಂತಾ ಅಂದಿದ್ದಳು, ಹೊದೆಯೋಕೆ ಏನಾದರೂ ತರಲಾ ಅಂದಿದ್ದಳು. ಎಲ್ಲಿದ್ದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಕೇಳಿದರೆ ಅವನು ಹೇಳಿಬಿಡುತ್ತಾನೆ ಎಂಬ ಭಯಕ್ಕೇ ತಾನು ಕೇಳಲಿಲ್ಲ ಎನ್ನುವುದು ಅವಳಿಗೆ ಆಗ, ಆ ಕುರ್ಚಿಯಲ್ಲಿ ಗೊತ್ತಾಯಿತು.

ಆಸರೆಗೆಂದು ಅವಳು ಪ್ರೊಫೆಸರರ ಕಡೆ ತಿರುಗಿದಳು. ಕೊಂದವರು ಇವರೇ, ಎಲ್ಲ ತಿಳಿದವರು ಇವರೇ, ಇವರ ಮುಖದಲ್ಲಾದರೂ ಉತ್ತರ ಸಿಗುತ್ತದೆ ಎಂದು.

ಪ್ರೊಫೆಸರ್ ಬಿಳಿಚಿಕೊಂಡಿದ್ದರು. ಕುರ್ಚಿಯ ತುದಿಗೆ ಜರುಗಿ, ಕೊಂದವರು ಯಾರೆಂದು ತಮಗೂ ಗೊತ್ತಿಲ್ಲದವರ ಹಾಗೆ, ಅವಳು ಏನು ಹೇಳುತ್ತಾಳೋ ಎಂದು ಅವಳ ಬಾಯನ್ನೇ ನೋಡುತ್ತಿದ್ದರು.